ಒಂದೇ ಸಲ ಬಳಸುವ ಪೀಪಾಯಿ: ಬೋರ್ಬನ್‌ನ ರುಚಿಯೂ ಅಲ್ಲೇ, ಸಂಕಟವೂ ಅಲ್ಲೇ

2025ರ ಫೆಬ್ರವರಿಯಲ್ಲಿ ಪ್ರಧಾನಿ ಮೋದಿ ವಾಷಿಂಗ್ಟನ್‌ಗೆ ಹೋಗಿ ಟ್ರಂಪ್ ಅವರನ್ನು ಭೇಟಿಯಾದರು. ಅದೇ ಹೊತ್ತಿಗೆ ಕೇಂದ್ರ ಸರ್ಕಾರ ಸದ್ದಿಲ್ಲದೆ ಒಂದು ಅಧಿಸೂಚನೆ ಹೊರಡಿಸಿತ್ತು. ಬೋರ್ಬನ್ ವಿಸ್ಕಿಯ ಆಮದು ಸುಂಕ ಶೇ 150ರಿಂದ ಶೇ 100ಕ್ಕೆ ಇಳಿಯಿತು. ಸ್ಕಾಚ್‌ಗೆ ಆ ರಿಯಾಯಿತಿ ಇರಲಿಲ್ಲ. ಬೋರ್ಬನ್‌ಗೆ ಮಾತ್ರ.

ತಮಾಷೆ ಏನೆಂದರೆ, 2023-24ರಲ್ಲಿ ಭಾರತ ತರಿಸಿಕೊಂಡ ಬೋರ್ಬನ್‌ನ ಒಟ್ಟು ಬೆಲೆ ಸುಮಾರು 25 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿಯ ಆಸುಪಾಸು. ಎರಡು ದೇಶಗಳ ವ್ಯಾಪಾರದಲ್ಲಿ ಇದು ಚಿಲ್ಲರೆ ಕಾಸು. ಹಾಗಿದ್ದರೂ ಮುಂದಿನ ತಿಂಗಳೇ ವೈಟ್ ಹೌಸ್‌ನ ವಕ್ತಾರೆ ಅಮೆರಿಕದ ಮದ್ಯಕ್ಕೆ ಭಾರತ ಶೇ 150ರಷ್ಟು ಸುಂಕ ಹಾಕುತ್ತದೆ ಎಂದು ಮತ್ತೆ ದೂರಿದರು. ಹೀಗಿದ್ದರೆ ಅಮೆರಿಕದ ಕೆಂಟಕಿ ರಾಜ್ಯದ ಬೋರ್ಬನ್ ಭಾರತಕ್ಕೆ ಹೋಗುವುದು ಹೇಗೆ ಎಂದು ಕೇಳಿದರು. ಬೋರ್ಬನ್‌ನ ಸುಂಕ ಆಗಲೇ ಇಳಿದಾಗಿತ್ತು. ಅದು ಬೇರೆ ಮಾತು.

ಇಷ್ಟು ಸಣ್ಣ ವ್ಯಾಪಾರಕ್ಕೆ ಇಷ್ಟೊಂದು ರಂಪ ಯಾಕೆ? ಬೋರ್ಬನ್ ಅಂದರೆ ಏನು, ಅದನ್ನು ಹೇಗೆ ಮಾಡುತ್ತಾರೆ ಎಂದು ನೋಡಿದರೆ ಈ ರಾಜಕೀಯ ಅರ್ಥವಾಗುತ್ತದೆ. ಬಹುಪಾಲು ಉತ್ತರ ಒಂದು ಮರದ ಪೀಪಾಯಿಯಲ್ಲೇ ಇದೆ.

ಕಾನೂನಿನಲ್ಲಿ ಬರೆದಿಟ್ಟ ಪಾಕವಿಧಾನ

ಬೋರ್ಬನ್‌ನ ಲಕ್ಷಣಗಳನ್ನು ಅಮೆರಿಕದ ಕೇಂದ್ರ ಸರ್ಕಾರದ ನಿಯಮದಲ್ಲೇ ಬರೆದಿಟ್ಟಿದ್ದಾರೆ. ಅದು ಅಮೆರಿಕದಲ್ಲೇ ತಯಾರಾಗಬೇಕು. ಕೆಂಟಕಿಯಲ್ಲೇ ಆಗಬೇಕು ಅಂತೇನಿಲ್ಲ, ಆದರೆ ಬಹುಪಾಲು ಆಗುವುದು ಅಲ್ಲೇ. ಬಳಸುವ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸಿದಾಗ ಮದ್ಯಸಾರದ ಪ್ರಮಾಣ ಶೇ 80 ದಾಟಬಾರದು. ಪೀಪಾಯಿಗೆ ತುಂಬುವಾಗ ಶೇ 62.5 ದಾಟಬಾರದು. ಬಾಟಲಿಗೆ ಹಾಕುವಾಗ ಶೇ 40ಕ್ಕಿಂತ ಕಡಿಮೆ ಇರಬಾರದು. ನೀರು ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ಬಣ್ಣ ಇಲ್ಲ, ಸುವಾಸನೆ ಇಲ್ಲ, ಸಿಹಿ ಇಲ್ಲ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದು: ಒಳಗೆ ಸುಟ್ಟ, ಹೊಚ್ಚಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು.

ಶೇ 80ರ ಮಿತಿ ನೋಡುವುದಕ್ಕೆ ಒಣ ಅಂಕಿ. ಆದರೆ ಅದಕ್ಕೆ ಕಾರಣ ಇದೆ. ಬಟ್ಟಿ ಇಳಿಸುತ್ತಾ ಹೋದಷ್ಟೂ ಮದ್ಯಸಾರ ಶುದ್ಧವಾಗುತ್ತದೆ, ಧಾನ್ಯದ ರುಚಿ ಕಳೆದುಹೋಗುತ್ತದೆ. ಶೇ 95ರ ತನಕ ಹೋದರೆ ಉಳಿಯುವುದು ಬರೀ ಸ್ಪಿರಿಟ್ಟು. ಅದು ಮೆಕ್ಕೆಜೋಳದ್ದೋ ಕಬ್ಬಿನದ್ದೋ ಹೇಳಲಾಗದು. ಅಲ್ಲಿಗೆ ಹೋಗುವ ಮೊದಲೇ ನಿಲ್ಲಿಸು ಅನ್ನುತ್ತದೆ ಕಾನೂನು.

ಮೆಕ್ಕೆಜೋಳ ನಮಗೇನೂ ಹೊಸದಲ್ಲ. ದಾವಣಗೆರೆ, ಹಾವೇರಿ ಕಡೆ ಹೋದರೆ ಕಣ್ಣಿಗೆ ಕಾಣುವಷ್ಟು ದೂರ ಅದೇ. ಅದರಿಂದ ಮದ್ಯಸಾರ ನಮ್ಮಲ್ಲೂ ಬೇಕಾದಷ್ಟು ತಯಾರಾಗುತ್ತದೆ. ನಮ್ಮದು ಎಥೆನಾಲ್ ಆಗಿ ಪೆಟ್ರೋಲ್ ಟ್ಯಾಂಕ್ ಸೇರುತ್ತದೆ, ಅಷ್ಟೇ ವ್ಯತ್ಯಾಸ.

ಮೆಕ್ಕೆಜೋಳ ಸಿಹಿ ಕೊಡುತ್ತದೆ, ಮೈ ತುಂಬಿದ ಗುಣ ಕೊಡುತ್ತದೆ. ಜೊತೆಗೆ ಸ್ವಲ್ಪ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ ಬೇಕು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕೆಲಸ ಅದರದ್ದು. ಮೂರನೆಯ ಧಾನ್ಯ ಯಾವುದು ಅನ್ನುವುದರ ಮೇಲೆ ಬೋರ್ಬನ್‌ನ ಸ್ವಭಾವ ತಿರುಗುತ್ತದೆ. ಹೆಚ್ಚಿನವರು ಗೋಧಿಯನ್ನು ಹೋಲುವ ರೈ ಎಂಬ ಧಾನ್ಯ ಹಾಕುತ್ತಾರೆ. ಅದಕ್ಕೆ ಮೆಣಸಿನಂಥ ಖಾರ ಇದೆ. ಮೇಕರ್ಸ್ ಮಾರ್ಕ್, ವೆಲ್ಲರ್‌ನಂಥ ಬ್ರ್ಯಾಂಡ್‌ನವರು ರೈ ಬದಲು ಗೋಧಿ ಹಾಕುತ್ತಾರೆ. ಆಗ ನಾಲಿಗೆಗೆ ಮೃದುವಾಗಿ, ಸಿಹಿ ಮುಂದಾಗಿ ಬರುತ್ತದೆ. ಮೊದಲ ಸಲ ಕುಡಿಯುವವರು ಗೋಧಿಯದ್ದನ್ನು ಇಷ್ಟಪಡುವುದು ಜಾಸ್ತಿ. ನನ್ನ ಓಟು ರೈಗೆ.

ಕೊಳೆ ಮತ್ತು ಹುಳಿ

ಧಾನ್ಯದ ಹಿಟ್ಟನ್ನು ಬಿಸಿನೀರಿನಲ್ಲಿ ಬೇಯಿಸಿ, ತಣಿಸಿ, ಯೀಸ್ಟ್ ಹಾಕಿದರೆ ನಾಲ್ಕಾರು ದಿನದಲ್ಲಿ ನೊರೆಯೇಳುವ ಹುಳಿ ಗಂಜಿ ಸಿದ್ಧ. ಅಬಕಾರಿಯವರು ಕಳ್ಳಬಟ್ಟಿ ಮೇಲೆ ದಾಳಿ ಮಾಡಿ 'ಇಷ್ಟು ಲೀಟರ್ ಕೊಳೆ ನಾಶಪಡಿಸಿದೆವು' ಅನ್ನುತ್ತಾರಲ್ಲ, ಅದೇ ಹಂತ ಇದು. ಇಲ್ಲಿ ಬೆಲ್ಲದ ಬದಲು ಧಾನ್ಯ, ಗುಟ್ಟಿನ ಬದಲು ಲೈಸೆನ್ಸ್.

ಬೋರ್ಬನ್ ಬಾಟಲಿ ಮೇಲೆ 'ಸೋರ್ ಮ್ಯಾಶ್' ಎಂದು ಇರುವುದನ್ನು ನೋಡಿರಬಹುದು. ಒಂದು ಸಲ ಬಟ್ಟಿ ಇಳಿಸಿದ ಮೇಲೆ ತಳದಲ್ಲಿ ಉಳಿದ ಹುಳಿ ದ್ರವದಲ್ಲಿ ಒಂದು ಪಾಲನ್ನು ಮುಂದಿನ ಕೊಳೆಗೆ ಸೇರಿಸುವ ಪದ್ಧತಿ ಇದು. ಇದನ್ನು ಮೊಸರಿನ ಹೆಪ್ಪಿಗೆ ಹೋಲಿಸುವವರು ಬಹಳ ಜನ. ಹೋಲಿಕೆ ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಹೆಪ್ಪಿನಲ್ಲಿ ಜೀವ ಇರುತ್ತದೆ. ಈ ದ್ರವ ಬಟ್ಟಿಯಲ್ಲಿ ಕುದ್ದು ಬಂದದ್ದು, ಅದರಲ್ಲಿ ಯೀಸ್ಟ್ ಎಲ್ಲ ಸತ್ತಿರುತ್ತದೆ. ಅದರ ಕೆಲಸ ಹುಳಿ ಕೊಡುವುದು ಮಾತ್ರ. ಹುಳಿ ಇದ್ದರೆ ಬೇಡದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಹೊಸ ಯೀಸ್ಟ್ ನಿರಾತಂಕವಾಗಿ ಕೆಲಸ ಮಾಡುತ್ತದೆ, ಪ್ರತಿ ಸಲ ಒಂದೇ ರುಚಿ ಬರುತ್ತದೆ. 1830ರ ದಶಕದಲ್ಲಿ ಕೆಂಟಕಿಯಲ್ಲಿ ಇದನ್ನು ಅಳತೆ, ಲೆಕ್ಕ, ಟಿಪ್ಪಣಿ ಇಟ್ಟು ಶಿಸ್ತಿಗೆ ತಂದವನು ಜೇಮ್ಸ್ ಕ್ರೋ ಎಂಬ ಸ್ಕಾಟ್ಲೆಂಡ್ ಮೂಲದವನು. ಅವನು ಕೆಲಸ ಮಾಡಿದ ಜಾಗದಲ್ಲೇ ಇವತ್ತು ವುಡ್‌ಫೋರ್ಡ್ ರಿಸರ್ವ್ ಎಂಬ ಬೋರ್ಬನ್ ತಯಾರಾಗುತ್ತದೆ.

ಕೆಂಟಕಿಯ ನೀರಿನ ಬಗ್ಗೆ ಕಥೆಗಳು ಬಹಳ. ಸುಣ್ಣಕಲ್ಲಿನ ಪದರದಿಂದ ಇಳಿದು ಬರುವ ಆ ನೀರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಕ್ಯಾಲ್ಸಿಯಂ ಜಾಸ್ತಿ. ಕಬ್ಬಿಣ ವಿಸ್ಕಿಯ ಬಣ್ಣ, ರುಚಿ ಎರಡನ್ನೂ ಕೆಡಿಸುತ್ತದೆ, ಹಾಗಾಗಿ ಅಷ್ಟರಮಟ್ಟಿಗೆ ಅದು ನಿಜ. ಉಳಿದದ್ದು ಪ್ರವಾಸಿಗರಿಗೆ ಹೇಳುವ ಮಾತು ಅನ್ನಿಸುತ್ತದೆ.

ಬೆಂಕಿ ಕಂಡ ಮರ

ಬಟ್ಟಿಯಿಂದ ಇಳಿದಾಗ ಬೋರ್ಬನ್‌ಗೆ ಬಣ್ಣವೇ ಇರುವುದಿಲ್ಲ, ನೀರಿನಂತಿರುತ್ತದೆ. ಬಾಟಲಿಯಲ್ಲಿ ಕಾಣುವ ಆ ಕೆಂಪು ಛಾಯೆಯ ಕಂದು ಬಣ್ಣ ಪೂರ್ತಿ ಪೀಪಾಯಿಯದ್ದು. ರುಚಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಅದರದ್ದೇ ಎಂದು ಈ ಕಸುಬಿನವರು ಹೇಳುತ್ತಾರೆ.

ಪೀಪಾಯಿ ಅಮೆರಿಕದ ಬಿಳಿ ಓಕ್ ಮರದ್ದು. ಈ ಮರದ ಒಳಗಿನ ಸಣ್ಣ ನಾಳಗಳು ತಾವಾಗಿಯೇ ಮುಚ್ಚಿಕೊಂಡಿರುತ್ತವೆ, ಅದಕ್ಕೇ ಸೋರುವುದಿಲ್ಲ. ಕೆಂಪು ಓಕ್ ಆದರೆ ಸೋರುತ್ತದೆ. ಮೂವತ್ತರ ಆಸುಪಾಸು ಹಲಗೆಗಳನ್ನು ಬಾಗಿಸಿ ಕಬ್ಬಿಣದ ಪಟ್ಟಿಗಳಲ್ಲಿ ಬಿಗಿಯುತ್ತಾರೆ. ಹಲಗೆಗಳ ನಡುವೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಮಾಮೂಲಿ ಪೀಪಾಯಿಗೆ ಸುಮಾರು 200 ಲೀಟರ್ ಹಿಡಿಯುತ್ತದೆ.

ಆಮೇಲೆ ಅದರ ಬಾಯಿಗೆ ಬೆಂಕಿ. ಒಳಗೆ ಜ್ವಾಲೆ ಬಿಟ್ಟು ಅರ್ಧ ನಿಮಿಷದಿಂದ ಒಂದು ನಿಮಿಷದ ಒಳಗೆ ಆರಿಸುತ್ತಾರೆ. ಎಷ್ಟು ಸೆಕೆಂಡ್ ಅನ್ನುವುದರ ಮೇಲೆ ದರ್ಜೆ. ನಾಲ್ಕನೇ ದರ್ಜೆಗೆ 55 ಸೆಕೆಂಡ್ ಬೇಕು. ಆಗ ಒಳಮೈ ಮೊಸಳೆಯ ಚರ್ಮದ ಹಾಗೆ ಚೌಕಚೌಕವಾಗಿ ಬಿರಿಯುತ್ತದೆ. ಅದನ್ನು ಅಲ್ಲಿಯವರು 'ಆಲಿಗೇಟರ್' ಅಂತಲೇ ಕರೆಯುತ್ತಾರೆ. ಮೇಲಿನ ಇದ್ದಿಲ ಪದರ ಹೊಸ ಮದ್ಯದ ಗಂಧಕದಂಥ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಇದ್ದಿಲ ಕೆಳಗಿನ ಮರ ಸುಟ್ಟಿರುವುದಿಲ್ಲ, ಬೆಂದಿರುತ್ತದೆ. ಅಸಲಿ ಸರಕು ಅಲ್ಲಿದೆ. ಮರದ ಲಿಗ್ನಿನ್ ಒಡೆದು ವೆನಿಲ್ಲಾದ ಪರಿಮಳ ಕೊಡುವ ವೆನಿಲಿನ್ ಆಗುತ್ತದೆ. ಹೆಮಿಸೆಲ್ಯುಲೋಸ್ ಕರಗಿ ಸುಟ್ಟ ಸಕ್ಕರೆಯ ಗುಣ ಪಡೆಯುತ್ತದೆ. ಅಮೆರಿಕನ್ ಓಕ್‌ನಲ್ಲಿ ಲ್ಯಾಕ್ಟೋನ್ ಜಾಸ್ತಿ, ಅದು ಕೊಬ್ಬರಿಯ ವಾಸನೆ ಕೊಡುತ್ತದೆ. ಬೋರ್ಬನ್ ಮೂಸಿದಾಗ ಯಾರೋ ಸಿಹಿ ಬೆರೆಸಿದ್ದಾರೆ ಅನ್ನಿಸುವುದು ಇದಕ್ಕೇ.

ಮರದಿಂದ ಇದನ್ನೆಲ್ಲ ಹೊರಗೆ ಎಳೆಯುವುದು ಹವಾಮಾನ. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ನುಗ್ಗುತ್ತದೆ. ಚಳಿಗಾಲದಲ್ಲಿ ಕುಗ್ಗಿ ಮರದ ಸಾರ ಹೊತ್ತು ವಾಪಸ್ ಬರುತ್ತದೆ. ಏಳೆಂಟು ಅಂತಸ್ತಿನ ಗೋದಾಮುಗಳಲ್ಲಿ ಮೇಲಿನ ಮಹಡಿ ಕಾದ ಹಂಚಿನಂತಿದ್ದರೆ ಕೆಳಗಿನದು ತಂಪು. ಒಂದೇ ದಿನ ತುಂಬಿದ ಎರಡು ಪೀಪಾಯಿ ಆರು ವರ್ಷದ ಮೇಲೆ ಎರಡು ಬೇರೆ ವಿಸ್ಕಿಗಳಾಗಿರುತ್ತವೆ.

ಈ ಓಡಾಟದಲ್ಲಿ ಒಂದಿಷ್ಟು ಆವಿಯಾಗಿ ಹೋಗುತ್ತದೆ. ಅದಕ್ಕೆ ದೇವತೆಗಳ ಪಾಲು ಎಂಬ ಚೆಂದದ ಹೆಸರಿಟ್ಟಿದ್ದಾರೆ. ಸ್ಕಾಟ್ಲೆಂಡ್‌ನಲ್ಲಿ ವರ್ಷಕ್ಕೆ ಶೇ 2ರ ಆಸುಪಾಸು, ಕೆಂಟಕಿಯಲ್ಲಿ ಶೇ 4ರ ಸುತ್ತಮುತ್ತ. ದೇವತೆಗಳ ಜೊತೆಗೆ ಒಂದು ಬೂಷ್ಟಿಗೂ ಇದರಲ್ಲಿ ಪಾಲಿದೆ. ಆವಿಯನ್ನೇ ತಿಂದು ಬದುಕುವ ಬೊಡೊಯಿನಿಯಾ ಎಂಬ ಕಪ್ಪು ಶಿಲೀಂಧ್ರ ಗೋದಾಮಿನ ಸುತ್ತಲಿನ ಮರ, ಗೋಡೆ, ನಿಲ್ಲಿಸಿದ ಕಾರು, ಎಲ್ಲದರ ಮೇಲೂ ಮಸಿಯಂತೆ ಹತ್ತುತ್ತದೆ. ಅಕ್ಕಪಕ್ಕದವರು ಕೋರ್ಟ್ ಮೆಟ್ಟಿಲೇರಿದ್ದೂ ಇದೆ.

ಕಲಬೆರಕೆಯಿಂದ ಹುಟ್ಟಿದ ಶಿಸ್ತು

ಇಷ್ಟೊಂದು ಬಿಗಿ ನಿಯಮ ಯಾಕೆ ಬಂತು? ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ವಿಸ್ಕಿ ಹೆಸರಲ್ಲಿ ಏನೇನೋ ಮಾರುತ್ತಿದ್ದರು. ಸಾದಾ ಸ್ಪಿರಿಟ್‌ಗೆ ತಂಬಾಕಿನ ರಸ, ಒಣಹಣ್ಣಿನ ರಸ, ಬಣ್ಣ ಬೆರೆಸಿ ಹಳೆಯ ಬೋರ್ಬನ್ ಎಂದು ದಾಟಿಸುತ್ತಿದ್ದರು. ನಿಜವಾಗಿ ವರ್ಷಗಟ್ಟಲೆ ಇಟ್ಟು ಮಾರುವವರಿಗೆ ಇವರ ಬೆಲೆಗೆ ಪೈಪೋಟಿ ಕೊಡಲು ಆಗುತ್ತಿರಲಿಲ್ಲ. ಕರ್ನಲ್ ಇ. ಎಚ್. ಟೇಲರ್ ಎಂಬ ಕೆಂಟಕಿಯ ತಯಾರಕ ಇದಕ್ಕೊಂದು ಕಾನೂನು ಬೇಕೆಂದು ಪಟ್ಟು ಹಿಡಿದವರಲ್ಲಿ ಮುಖ್ಯ. 1897ರಲ್ಲಿ 'ಬಾಟಲ್ಡ್ ಇನ್ ಬಾಂಡ್' ಕಾಯ್ದೆ ಬಂತು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ಬೀಗ ಇರುವ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ 50 ಮದ್ಯಸಾರ. ಅಮೆರಿಕದ ಪ್ರಸಿದ್ಧ ಆಹಾರ ಶುದ್ಧತೆ ಕಾಯ್ದೆ ಬಂದದ್ದು 1906ರಲ್ಲಿ. ಅನ್ನಕ್ಕಿಂತ ಒಂಬತ್ತು ವರ್ಷ ಮೊದಲೇ ಹೆಂಡಕ್ಕೆ ಗ್ಯಾರಂಟಿ ಸಿಕ್ಕಿತ್ತು ಅನ್ನಿ. ವಿಸ್ಕಿ ಎಂದು ಯಾವುದನ್ನು ಕರೆಯಬೇಕು ಎಂಬ ಜಗಳ 1909ರಲ್ಲಿ ಅಧ್ಯಕ್ಷ ಟಾಫ್ಟ್ ಅವರ ಮೇಜಿನ ತನಕ ಹೋಗಿ ತೀರ್ಮಾನವಾಯಿತು.

ಪಾನನಿಷೇಧ 1920ರಿಂದ 1933ರ ತನಕ ಇತ್ತು. ಔಷಧಿ ಎಂದು ಡಾಕ್ಟರ್ ಚೀಟಿ ಮೇಲೆ ವಿಸ್ಕಿ ಮಾರಲು ಬೆರಳೆಣಿಕೆ ಕಂಪನಿಗಳಿಗೆ ಮಾತ್ರ ಪರವಾನಗಿ ಸಿಕ್ಕಿತ್ತು. ಉಳಿದವರ ಕಥೆ ಮುಗಿಯಿತು. ನಿಷೇಧ ಹೋದ ಮೇಲೆ 1930ರ ದಶಕದ ನಿಯಮಗಳಲ್ಲಿ ಹೊಸ ಪೀಪಾಯಿಯ ಷರತ್ತು ಸೇರಿಕೊಂಡಿತು. ಮಹಾಕುಸಿತದ ಕಾಲ ಅದು. ಪೀಪಾಯಿ ಕಟ್ಟುವವರಿಗೂ ಮರದ ವ್ಯಾಪಾರಿಗಳಿಗೂ ಈ ಷರತ್ತಿನಿಂದ ಕೆಲಸ ಖಾತ್ರಿಯಾಯಿತು. ರುಚಿಯ ನಿಯಮ ಅಂತ ಇವತ್ತು ಹೆಮ್ಮೆಯಿಂದ ಹೇಳುವುದರಲ್ಲಿ ಹೊಟ್ಟೆಪಾಡಿನ ಲೆಕ್ಕವೂ ಇದೆ.

1964ರಲ್ಲಿ ಅಮೆರಿಕದ ಸಂಸತ್ತು ಬೋರ್ಬನ್ ತಮ್ಮ ದೇಶದ ವಿಶಿಷ್ಟ ಉತ್ಪನ್ನ ಎಂದು ನಿರ್ಣಯ ಮಾಡಿತು. ಅಲ್ಲಿಗೆ ಹೊರದೇಶದಲ್ಲಿ ತಯಾರಾದದ್ದಕ್ಕೆ ಆ ಹೆಸರು ತಪ್ಪಿತು. ಹಾಗಂತ ಲಾಭವೆಲ್ಲ ಅಮೆರಿಕಕ್ಕೇ ಹೋಗುತ್ತದೆ ಅಂದುಕೊಳ್ಳಬೇಡಿ. ಜಿಮ್ ಬೀಮ್, ಮೇಕರ್ಸ್ ಮಾರ್ಕ್ ಎರಡೂ 2014ರಿಂದ ಜಪಾನಿನ ಸಂಟೋರಿಯವು. ವೈಲ್ಡ್ ಟರ್ಕಿ ಇಟಲಿಯ ಕಂಪಾರಿಯದ್ದು.

ಹಾಗಾದರೆ ಜ್ಯಾಕ್ ಡೇನಿಯಲ್ಸ್? ಎಲ್ಲರೂ ಕೇಳುವ ಪ್ರಶ್ನೆ. ಅದು ಟೆನೆಸ್ಸಿ ವಿಸ್ಕಿ. ಬೋರ್ಬನ್‌ನ ಹೆಚ್ಚುಕಡಿಮೆ ಎಲ್ಲ ನಿಯಮ ಪಾಲಿಸಿ, ಪೀಪಾಯಿಗೆ ತುಂಬುವ ಮುಂಚೆ ಮೇಪಲ್ ಮರದ ಇದ್ದಿಲಿನ ದಪ್ಪ ಪದರದಲ್ಲಿ ಹನಿಹನಿಯಾಗಿ ಸೋಸುತ್ತಾರೆ. ಜ್ಯಾಕ್ ಡೇನಿಯಲ್‌ಗೆ ಬಟ್ಟಿ ಇಳಿಸುವುದನ್ನು ಕಲಿಸಿದವನು ನಿಯರೆಸ್ಟ್ ಗ್ರೀನ್ ಎಂಬ ಗುಲಾಮನಾಗಿದ್ದ ಕಪ್ಪು ಮನುಷ್ಯ. ಕಂಪನಿ ಅದನ್ನು ಬಾಯಿಬಿಟ್ಟು ಹೇಳಿದ್ದು ತೀರಾ ಇತ್ತೀಚೆಗೆ.

ಪೀಪಾಯಿಯ ಎರಡನೇ ಜನ್ಮ

ಒಂದು ಸಲ ಬೋರ್ಬನ್ ಇಟ್ಟ ಪೀಪಾಯಿಯಲ್ಲಿ ಮತ್ತೆ ಬೋರ್ಬನ್ ಇಡುವಂತಿಲ್ಲ. ಆದರೆ ಪೀಪಾಯಿ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಮರದಲ್ಲಿ ಸಾರವೂ ಉಳಿದಿರುತ್ತದೆ. ಅದು ಹಡಗು ಹತ್ತುತ್ತದೆ. ಸ್ಕಾಟ್ಲೆಂಡ್‌ನ ಗೋದಾಮುಗಳಲ್ಲಿ ಇವತ್ತು ಇರುವ ಪೀಪಾಯಿಗಳಲ್ಲಿ ಬಹುಪಾಲು ಬೋರ್ಬನ್ ಕಂಡವು. ಸ್ಕಾಚ್‌ನಲ್ಲಿ ವೆನಿಲ್ಲಾ, ಜೇನಿನ ಛಾಯೆ ಎಂದು ಹೊಗಳುವವರು ಅರ್ಧ ಕೆಂಟಕಿಯನ್ನೇ ಹೊಗಳುತ್ತಿರುತ್ತಾರೆ.

ಇದೇ ಪೀಪಾಯಿಗಳು ಬೆಂಗಳೂರಿಗೂ ಬರುತ್ತವೆ. ಮೈಸೂರು ರಸ್ತೆಯ ಕಂಬೀಪುರದ ಅಮೃತ್ ಡಿಸ್ಟಿಲರಿ ತನ್ನ ಸಿಂಗಲ್ ಮಾಲ್ಟ್‌ಗೆ, ಅಂದರೆ ಬರೀ ಮೊಳಕೆ ಬಾರ್ಲಿಯಿಂದ ಒಂದೇ ಡಿಸ್ಟಿಲರಿಯಲ್ಲಿ ಮಾಡುವ ವಿಸ್ಕಿಗೆ, ಬೋರ್ಬನ್ ಪೀಪಾಯಿಗಳನ್ನು ಬಳಸುತ್ತದೆ. ಗೋವಾದಲ್ಲಿ ಪಾಲ್ ಜಾನ್ ಮಾಡುವ ಬೆಂಗಳೂರಿನ ಜಾನ್ ಡಿಸ್ಟಿಲರೀಸ್ ಕೂಡ. 2004ರಲ್ಲಿ ನೀಲಕಂಠ ಜಗದಾಳೆ ಅವರ ಕಾಲದಲ್ಲಿ ಅಮೃತ್ ತನ್ನ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡ್‌ನ ಗ್ಲಾಸ್ಗೋದಲ್ಲಿ. ಒಂದು ರೀತಿ ಹುಲಿಯ ಗವಿಗೇ ನುಗ್ಗಿದ ಹಾಗೆ. ನಮ್ಮ ಹವೆಯಲ್ಲಿ ಆವಿಯಾಗುವ ಪ್ರಮಾಣ ವರ್ಷಕ್ಕೆ ಶೇ 10ರಿಂದ 12. ಹತ್ತು ವರ್ಷ ಇಟ್ಟರೆ ಪೀಪಾಯಿಯಲ್ಲಿ ಮೂರನೇ ಒಂದು ಭಾಗ ಉಳಿದರೆ ಪುಣ್ಯ. ಹಾಗಾಗಿ ಅಮೃತ್‌ನ ಹೆಚ್ಚಿನ ಮಾಲ್ಟ್‌ಗಳು ನಾಲ್ಕೈದು ವರ್ಷಕ್ಕೇ ಹೊರಬರುತ್ತವೆ. ಹೆಚ್ಚು ವರ್ಷ ಇಟ್ಟು ತೆಗೆದ ಒಂದು ವಿಸ್ಕಿಗೆ ಕಂಪನಿಯವರೇ 'ಗ್ರೀಡಿ ಏಂಜಲ್ಸ್' ಎಂದು ಹೆಸರಿಟ್ಟರು. ದುರಾಸೆಯ ದೇವತೆಗಳು!

ಅಂದರೆ ಬೋರ್ಬನ್ ಬಾಟಲಿಯನ್ನು ಮುಟ್ಟದ ಕನ್ನಡಿಗನೂ ಅಮೃತ್ ಕುಡಿದಿದ್ದರೆ ಕೆಂಟಕಿಯ ಮರದ ರುಚಿ ನೋಡಿದ್ದಾನೆ.

ಕೆಂಟಕಿಯಲ್ಲಿ ದಾಸ್ತಾನು ತುಂಬಿ ತುಳುಕುತ್ತಿದೆ

ಈಗ ಸಂಕಟದ ವಿಷಯ. ಬೋರ್ಬನ್ ಮಾಡುವವನು ಆರು, ಎಂಟು ವರ್ಷದ ಮುಂದಿನ ಬೇಡಿಕೆಯನ್ನು ಇವತ್ತೇ ಊಹಿಸಬೇಕು. 1970, 80ರ ದಶಕದಲ್ಲಿ ವೋಡ್ಕಾ ಹುಚ್ಚು ಹತ್ತಿದಾಗ ಈ ಊಹೆ ತಪ್ಪಿ ಹಲವು ಡಿಸ್ಟಿಲರಿಗಳು ಮುಚ್ಚಿದವು. 2000ದ ನಂತರ ಬೋರ್ಬನ್ ಮತ್ತೆ ಮೇಲೆದ್ದಿತು. ಪ್ಯಾಪಿ ವ್ಯಾನ್ ವಿಂಕಲ್‌ನಂಥ ಬಾಟಲಿಗೆ ಜನ ಲಾಟರಿ ಹಾಕುವ ಕಾಲ ಬಂತು. ಹೂಡಿಕೆದಾರರು ಹಣ ಸುರಿದರು, ಎಲ್ಲರೂ ಪೀಪಾಯಿ ತುಂಬಿಸಿದರು.

ಈಗ ಕೆಂಟಕಿಯ ಗೋದಾಮುಗಳಲ್ಲಿ 1.6 ಕೋಟಿಗೂ ಹೆಚ್ಚು ಪೀಪಾಯಿಗಳಿವೆ. ರಾಜ್ಯದ ಜನಸಂಖ್ಯೆ ಸುಮಾರು 45 ಲಕ್ಷ. ತಲೆಗೆ ಮೂರು ಪೀಪಾಯಿಗಿಂತ ಜಾಸ್ತಿ! ಸಾಲದ್ದಕ್ಕೆ ಮಲಗಿರುವ ಪ್ರತಿ ಪೀಪಾಯಿಗೂ ಅಲ್ಲಿ ವರ್ಷವರ್ಷ ಆಸ್ತಿ ತೆರಿಗೆ ಇದೆ. 2023ರ ಕಾನೂನಿನ ಪ್ರಕಾರ ಅದು 2026ರಿಂದ ಇಳಿಯುತ್ತಾ ಹೋಗಿ ಪೂರ್ತಿ ಹೋಗುವುದು 2043ಕ್ಕೆ. ಅಲ್ಲಿಯ ತನಕ ಮಾರದ ಸರಕಿಗೂ ತೆರಿಗೆ ಕಟ್ಟಬೇಕು, ಸಾಲದ ಬಡ್ಡಿ ಕಟ್ಟಬೇಕು, ದೇವತೆಗಳಿಗೂ ಪಾಲು ಕೊಡಬೇಕು. ಅತ್ತ ಕುಡಿಯುವವರು ಕಡಿಮೆಯಾಗುತ್ತಿದ್ದಾರೆ.

ಇದೇ ಹೊತ್ತಿಗೆ ಸುಂಕದ ಜಗಳ. ಕೆಂಟಕಿ ರಿಪಬ್ಲಿಕನ್ ಪಕ್ಷದ ಗಟ್ಟಿ ನೆಲ. ಸೆನೆಟ್‌ನಲ್ಲಿ ವರ್ಷಗಟ್ಟಲೆ ಆ ಪಕ್ಷದ ನಾಯಕರಾಗಿದ್ದ ಮಿಚ್ ಮೆಕಾನಲ್ ಅಲ್ಲಿಯವರು. ಅಮೆರಿಕಕ್ಕೆ ಚುರುಕು ಮುಟ್ಟಿಸಬೇಕು ಎಂದಾಗ ಬೇರೆ ದೇಶಗಳ ಕಣ್ಣು ಬೋರ್ಬನ್ ಮೇಲೆ ಬೀಳುವುದು ಇದಕ್ಕೇ. 2018ರಲ್ಲಿ ಟ್ರಂಪ್ ಉಕ್ಕಿನ ಮೇಲೆ ಸುಂಕ ಹಾಕಿದಾಗ ಐರೋಪ್ಯ ಒಕ್ಕೂಟ ಅಮೆರಿಕದ ವಿಸ್ಕಿಗೆ ಶೇ 25 ಹಾಕಿತು. ಮೂರೇ ವರ್ಷದಲ್ಲಿ ಅಲ್ಲಿಗೆ ಹೋಗುವ ರಫ್ತು ಐದರಲ್ಲಿ ಒಂದು ಪಾಲು ಬಿತ್ತು. 2025ರ ಮಾರ್ಚ್‌ನಲ್ಲಿ ಕೆನಡಾದ ಪ್ರಾಂತ್ಯಗಳು ಇನ್ನೂ ಮುಂದೆ ಹೋಗಿ ಅಮೆರಿಕದ ಮದ್ಯವನ್ನು ಅಂಗಡಿಯ ಕಪಾಟಿನಿಂದಲೇ ಎತ್ತಿಬಿಟ್ಟವು. ಇದು ಸುಂಕಕ್ಕಿಂತ ಕೆಟ್ಟದ್ದು ಎಂದು ಜ್ಯಾಕ್ ಡೇನಿಯಲ್ಸ್‌ನ ಒಡೆಯ ಬ್ರೌನ್-ಫೋರ್ಮನ್ ಕಂಪನಿಯ ಮುಖ್ಯಸ್ಥರು ಗೋಳಾಡಿದರು. ಸುಂಕ ಇದ್ದರೆ ದುಬಾರಿಯಾದರೂ ಮಾರಬಹುದು, ಕಪಾಟಿನಲ್ಲೇ ಇಲ್ಲದಿದ್ದರೆ ಏನು ಮಾಡುವುದು?

ಅದೇ ಕಂಪನಿ 2025ರ ಜನವರಿಯಲ್ಲಿ ಲೂಯಿವಿಲ್‌ನ ತನ್ನ ಪೀಪಾಯಿ ಕಾರ್ಖಾನೆ ಮುಚ್ಚುವುದಾಗಿ ಹೇಳಿತ್ತು. ವರ್ಷದ ಕೊನೆಗೆ ಜಿಮ್ ಬೀಮ್ ಸರದಿ. ಕ್ಲೆರ್ಮಾಂಟ್‌ನ ಮುಖ್ಯ ಡಿಸ್ಟಿಲರಿಯಲ್ಲಿ 2026ರ ಇಡೀ ವರ್ಷ ಬಟ್ಟಿ ಇಳಿಸುವುದಿಲ್ಲ ಎಂದು ಅದು ಪ್ರಕಟಿಸಿತು. ಹೊಸದಾಗಿ ತಲೆಯೆತ್ತಿದ್ದ ಕೆಲವು ಸಣ್ಣವರಂತೂ ದಿವಾಳಿಯಾದರು.

ನನಗನ್ನಿಸುವುದು, ಸುಂಕ ಈ ಕಾಯಿಲೆಗೆ ಮೂಲವಲ್ಲ, ಉಲ್ಬಣಕ್ಕೆ ಕಾರಣ ಅಷ್ಟೇ. ಮಿತಿಮೀರಿ ತುಂಬಿಸಿಟ್ಟದ್ದು ಮೂಲ. ಸುಂಕ ನಾಳೆಯೇ ಹೋದರೂ ಆ ಪೀಪಾಯಿಗಳು ಅಲ್ಲೇ ಇರುತ್ತವೆ.

ನಮಗೆ ಎಷ್ಟು ಅಗ್ಗ?

ಭಾರತದ ಮೇಲೆ ಅವರ ಕಣ್ಣು ಯಾಕೆ ಅನ್ನುವುದು ಈಗ ಗೊತ್ತಾಗುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ವಿಸ್ಕಿ ಖರ್ಚಾಗುವ ದೇಶ ನಮ್ಮದು. ಆದರೆ ಅದರಲ್ಲಿ ದೊಡ್ಡ ಪಾಲು ಕಾಕಂಬಿಯ ಅಥವಾ ಧಾನ್ಯದ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್, ಬಣ್ಣ ಸೇರಿಸಿದ ಸರಕು. ಕಾಕಂಬಿಯದ್ದನ್ನು ಯೂರೋಪಿನಲ್ಲಿ ವಿಸ್ಕಿ ಎಂದು ಮಾರಲು ಬಿಡುವುದಿಲ್ಲ. ಆ ಬೆಲೆಗೆ ಕುಡಿಯುವವರು ಬೋರ್ಬನ್‌ಗೆ ಬರುವುದು ಕನಸಿನ ಮಾತು.

ಲೆಕ್ಕ ನೋಡಿ. ಬಂದರಿಗೆ ಬಂದಾಗ ಒಂದು ಬಾಟಲಿಯ ಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲು ಸುಂಕ ಸೇರಿ 2,500 ಆಗುತ್ತಿತ್ತು, ಈಗ 2,000. ಆಮೇಲೆ ರಾಜ್ಯದ ಅಬಕಾರಿ ಸುಂಕ, ಸಗಟು ಮಾರಾಟ ನೋಡಿಕೊಳ್ಳುವ ರಾಜ್ಯ ಪಾನೀಯ ನಿಗಮದ ಪಾಲು, ಅಂಗಡಿಯವನ ಲಾಭ. ಕುಡಿಯುವ ಮದ್ಯ ಜಿಎಸ್‌ಟಿಗೆ ಬರುವುದಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ದರ. ಹಾಗಾಗಿ ದೆಹಲಿಯಲ್ಲಿ ಸುಂಕದ ಮೂರನೇ ಒಂದು ಭಾಗ ಇಳಿದರೂ ಬೆಂಗಳೂರಿನ ಅಂಗಡಿಯಲ್ಲಿ ಅಷ್ಟು ಇಳಿಯುವುದಿಲ್ಲ. ಇನ್ನೊಂದು ವಿಷಯ: 2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಸುಂಕ ಶೇ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ಅದರ ಮುಂದೆ ಬೋರ್ಬನ್‌ನ ಶೇ 100 ಏನೇನೂ ಅಲ್ಲ.

ಹಾಗಿದ್ದೂ ಕೊಳ್ಳುವವರು ಬಾಟಲಿಯ ಮೇಲೆ ನೋಡಬೇಕಾದ್ದು ಇಷ್ಟು. 'ಸ್ಟ್ರೇಟ್' ಎಂದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ, ನಾಲ್ಕು ವರ್ಷಕ್ಕಿಂತ ಎಳೆಯದಾದರೆ ವಯಸ್ಸು ಬರೆದಿರಲೇಬೇಕು. 'ಬಾಟಲ್ಡ್ ಇನ್ ಬಾಂಡ್' ಕಂಡರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. 'ಸ್ಮಾಲ್ ಬ್ಯಾಚ್' ಎಂಬುದಕ್ಕೆ ಕಾನೂನಿನಲ್ಲಿ ಅರ್ಥವೇ ಇಲ್ಲ, ಸುಮ್ನೆ ಲೇಬಲ್ಲಿನ ಅಲಂಕಾರ.

ಕೆಂಟಕಿಯ ಈ ಹಿನ್ನಡೆಯ ಬಿಸಿ ಬೆಂಗಳೂರಿಗೆ ತಟ್ಟುವುದು ಬಾಟಲಿಯ ಬೆಲೆಯಲ್ಲಿ ಅಲ್ಲದೇ ಇರಬಹುದು. ಇವತ್ತು ಅಲ್ಲಿ ಹೊಸ ಪೀಪಾಯಿ ತುಂಬದಿದ್ದರೆ ಐದಾರು ವರ್ಷದ ಮೇಲೆ ಖಾಲಿಯಾಗಿ ಹಡಗು ಹತ್ತುವ ಹಳೆಯ ಪೀಪಾಯಿಗಳೂ ಕಡಿಮೆಯಾಗುತ್ತವೆ. ಅವುಗಳಿಗಾಗಿ ಕಾಯುವ ಸಾಲಿನಲ್ಲಿ ಸ್ಕಾಟ್ಲೆಂಡ್ ಮುಂದಿದೆ, ಕಂಬೀಪುರ ಹಿಂದಿದೆ.